ಹೊಸಬರ ಯೋಗ ಕ್ಲಾಸ್: ನಾನು ಹುಡುಕಿದ ಬಗೆ

ನಲವತ್ತು ದಾಟಿದ ಮೇಲೆ ನನಗೆ ಯೋಗದ ನೆನಪಾಯಿತು. ದಿನಕ್ಕೆ ಎಂಟು ಗಂಟೆ ಕುರ್ಚಿಯಲ್ಲಿ ಕೂತು ಸೊಂಟ ಹಿಡಿದುಕೊಂಡಿತ್ತು. ಮೆಟ್ಟಿಲು ಇಳಿಯುವಾಗ ಬಲ ಮೊಣಕಾಲು ನೋಯುತ್ತಿತ್ತು. ಶೂ ಲೇಸ್ ಕಟ್ಟೋಕೆ ಬಗ್ಗಿದರೆ ಬಾಯಿಂದ ತಾನಾಗೇ ‘ಅಮ್ಮಾ’ ಅಂತ ಬರುತ್ತಿತ್ತು. ಡಾಕ್ಟರ ಹತ್ತಿರ ಹೋದೆ. ಗಾಬರಿ ಪಡುವಂಥದ್ದೇನಿಲ್ಲ, ಮೈ ಸ್ವಲ್ಪ ಆಡಿಸಿ ಅಂದರು.

ಮೊದಲ ಕ್ಲಾಸ್ ಆರಿಸುವಾಗ ನಾನು ನೋಡಿದ್ದು ಎರಡೇ: ಮನೆಗೆ ಹತ್ತಿರ ಇದೆಯಾ, ಬೆಳಿಗ್ಗೆ ಆರಕ್ಕೆ ಇದೆಯಾ. ಎರಡೂ ಇತ್ತು, ಸೇರಿಬಿಟ್ಟೆ. ‘ವಿನ್ಯಾಸ’ ಅಂತ ಬೋರ್ಡಿನಲ್ಲೇ ಬರೆದಿತ್ತು. ಸುಮ್ನೆ ಚೆಂದಕ್ಕೆ ಇಟ್ಟ ಹೆಸರು ಅಂದುಕೊಂಡಿದ್ದೆ. ಉಸಿರಿನ ಲೆಕ್ಕಕ್ಕೆ ಒಂದು ಆಸನದಿಂದ ಇನ್ನೊಂದಕ್ಕೆ ನಿಲ್ಲದೆ ಸಾಗುವ ಪದ್ಧತಿ ಅದು ಅಂತ ಹತ್ತು ನಿಮಿಷದಲ್ಲೇ ಮೈಗೆ ಗೊತ್ತಾಯಿತು. ಸೂರ್ಯನಮಸ್ಕಾರದ 12 ಹಂತದಲ್ಲಿ ಎಲ್ಲರೂ ಎಂಟಕ್ಕೆ ಬಂದಾಗ ನಾನು ನಾಲ್ಕರಲ್ಲಿ ಒದ್ದಾಡುತ್ತಿದ್ದೆ. ಎರಡು ವಾರಕ್ಕೆ ಮಣಿಕಟ್ಟು ನೋಯತೊಡಗಿತು. ಕ್ಲಾಸ್ ಕೆಟ್ಟದಾಗಿರಲಿಲ್ಲ, ಅಭ್ಯಾಸ ಇದ್ದವರಿಗೆ ಚೆನ್ನಾಗಿಯೇ ಇತ್ತು. ನನಗೆ ಅಭ್ಯಾಸ ಇರಲಿಲ್ಲ, ಅಷ್ಟೆ.

ಆಮೇಲೆ ವಿಡಿಯೋ ನೋಡಿ ಮನೆಯಲ್ಲೇ ಮಾಡೋಣ ಅಂತ ಹೊರಟೆ. ಅಧೋಮುಖ ಶ್ವಾನಾಸನದಲ್ಲಿ ತಲೆ ಕೆಳಗಿರುತ್ತದೆ, ಫೋನು ಪಕ್ಕದಲ್ಲಿ. ಮುಂದೇನು ಅಂತ ನೋಡಲು ಪ್ರತಿ ಸಲ ಕತ್ತು ತಿರುಗಿಸಬೇಕು. ಅದಕ್ಕಿಂತ ದೊಡ್ಡ ತಪ್ಪು, ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗುವ ಪಶ್ಚಿಮೋತ್ತಾನಾಸನದಲ್ಲಿ ಆಯಿತು. ಕಾಲ್ಬೆರಳು ಮುಟ್ಟಲೇಬೇಕು ಅಂತ ಹಠಕ್ಕೆ ಬಿದ್ದು, ಬೆನ್ನು ಗೂನು ಮಾಡಿ ಎಳೆದೆ. ಬಗ್ಗಬೇಕಾದದ್ದು ಸೊಂಟದ ಕೀಲಿನಿಂದ, ಬೇಕಾದರೆ ಮೊಣಕಾಲು ಸ್ವಲ್ಪ ಮಡಿಸಬಹುದು. ಇದನ್ನು ಹೇಳೋಕೆ ಪಕ್ಕದಲ್ಲಿ ಯಾರೂ ಇರಲಿಲ್ಲ. ಒಂದು ವಾರ ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತೆ.

ಆ ವಾರದಲ್ಲೇ ಹೆಸರುಗಳ ಬಗ್ಗೆ ಸ್ವಲ್ಪ ಓದಿಕೊಂಡೆ. ಬರೀ ‘ಹಠಯೋಗ’ ಅಂತ ಹಾಕಿದ್ದರೆ ಸಾಮಾನ್ಯವಾಗಿ ಒಂದೊಂದು ಆಸನದಲ್ಲಿ ನಿಂತು, ನಿಧಾನವಾಗಿ ಮಾಡಿಸುತ್ತಾರೆ. ಯೋಗ ಗುರು ಬಿ.ಕೆ.ಎಸ್. ಅಯ್ಯಂಗಾರ್ ಪದ್ಧತಿಯಲ್ಲಿ ಬೆಲ್ಟ್, ಇಟ್ಟಿಗೆ ಆಕಾರದ ಮರದ ತುಂಡು, ಕಂಬಳಿ, ಕುರ್ಚಿ ಎಲ್ಲ ಬಳಸುತ್ತಾರೆ. ಪಟ್ಟಾಭಿ ಜೋಯಿಸರ ಅಷ್ಟಾಂಗ ವಿನ್ಯಾಸದಲ್ಲಿ ಆಸನಗಳ ಸಾಲು ಮೊದಲೇ ನಿಗದಿಯಾಗಿರುತ್ತದೆ, ಬೆವರು ಜಾಸ್ತಿ. ಆದರೆ ಅದರಲ್ಲೇ ‘ಮೈಸೂರು ಶೈಲಿ’ ಅನ್ನುವ ಕ್ಲಾಸಿನಲ್ಲಿ ಪ್ರತಿಯೊಬ್ಬರೂ ತಮ್ಮ ವೇಗದಲ್ಲೇ ಮಾಡುತ್ತಾರೆ, ಗುರುಗಳು ಒಂದೊಂದೇ ಆಸನ ಸೇರಿಸುತ್ತಾ ಹೋಗುತ್ತಾರೆ. ಅಯ್ಯಂಗಾರ್, ಜೋಯಿಸ್ ಇಬ್ಬರೂ ಮೈಸೂರಿನಲ್ಲಿ ಯೋಗ ಕಲಿಸುತ್ತಿದ್ದ ಕೃಷ್ಣಮಾಚಾರ್ಯರ ಶಿಷ್ಯರೇ. ಒಬ್ಬರೇ ಗುರು, ಕಲಿಸುವ ರೀತಿ ಮಾತ್ರ ಎಷ್ಟು ಬೇರೆ, ಅಲ್ವಾ? ಕೋಣೆಯನ್ನು 40 ಡಿಗ್ರಿ ಹತ್ತಿರ ಕಾಯಿಸಿ ಮಾಡಿಸುವ ಹಾಟ್ ಯೋಗವೂ ಇದೆ. ಅದರ ತಂಟೆಗೇ ಹೋಗಲಿಲ್ಲ.

ಹೆಸರಿನಿಂದ ಅರ್ಧ ದಾರಿ ಸಿಕ್ಕಿತು. ಉಳಿದರ್ಧಕ್ಕೆ ಫೋನ್ ಮಾಡಿ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದೆ: “ನನಗೆ ಮೊಣಕಾಲು ನೋವು, ಕಾಲು ಮಡಿಸಿ ಹಿಮ್ಮಡಿ ಮೇಲೆ ಕೂರೋ ವಜ್ರಾಸನ ಆಗಲ್ಲ. ಏನು ಮಾಡಿಸ್ತೀರಿ?” ಒಬ್ಬರು “ಮಾಡ್ತಾ ಮಾಡ್ತಾ ಸರಿಹೋಗುತ್ತೆ” ಅಂದರು. ಇನ್ನೊಬ್ಬರು ಮೊದಲು ಫೀಸಿನ ವಿಷಯ ತೆಗೆದರು. ಮತ್ತೊಬ್ಬರು, 200 ಗಂಟೆಯ ಯೋಗ ಶಿಕ್ಷಕರ ತರಬೇತಿಯ ಸರ್ಟಿಫಿಕೇಟ್ ನನ್ನ ಹತ್ತಿರ ಇದೆ ಅಂದರು. ಇರಲಿ, ಒಳ್ಳೆಯದೇ. ನಾನು ಕೇಳಿದ್ದು ಮೊಣಕಾಲಿನ ವಿಷಯ. ಒಬ್ಬ ಮೇಡಂ ಮಾತ್ರ ತಿರುಗಿ ನನ್ನನ್ನೇ ಕೇಳಿದರು: ಯಾವ ಕಾಲು, ಮಡಿಸಿದಾಗ ನೋವಾ, ನಿಂತಾಗಲಾ, ಊತ ಇದೆಯಾ, ಬಿಪಿ ಇದೆಯಾ, ಯಾವುದಾದರೂ ಆಪರೇಷನ್ ಆಗಿದೆಯಾ?

ಸೇರುವ ಮುಂಚೆ ಒಂದು ದಿನ ಮೂಲೆಯಲ್ಲಿ ಕೂತು ನೋಡ್ತೀನಿ ಅಂದೆ. ಬನ್ನಿ ಅಂದರು. ನನ್ನ ಕಣ್ಣೆಲ್ಲ ಆಸನ ಬಾರದವರ ಮೇಲೇ ಇತ್ತು. ಒಟ್ಟು ಒಂಬತ್ತು ಜನ. ಮೇಡಂ ಒಂದು ಸಲ ತೋರಿಸಿ, ಆಮೇಲೆ ಎಲ್ಲರ ನಡುವೆ ಓಡಾಡುತ್ತಿದ್ದರು. ವಜ್ರಾಸನಕ್ಕೆ ಕೂರಲಾಗದ ಒಬ್ಬರಿಗೆ ತೊಡೆ ಮತ್ತು ಮೀನಖಂಡದ ನಡುವೆ ಕಂಬಳಿ ಮಡಿಸಿ ಇಟ್ಟರು. ಅದೂ ಆಗದಾಗ ಕುರ್ಚಿ ತಂದು ಕೊಟ್ಟರು, ಮುಖ ಸಿಂಡರಿಸಲಿಲ್ಲ. ಬಿಪಿ ಇದ್ದವರಿಗೆ ತಲೆಕೆಳಗಾಗುವ ಆಸನ ಬೇಡ, ಉಸಿರನ್ನು ರಭಸವಾಗಿ ಹೊರಹಾಕುವ ಕಪಾಲಭಾತಿ ಬೇಡ ಅಂದರು. ಭುಜ ಸರಿಮಾಡುವ ಮುಂಚೆ “ಮುಟ್ಟಲಾ?” ಅಂತ ಕೇಳುತ್ತಿದ್ದರು. ಕೊನೆಗೆ ಅಂಗಾತ ಮಲಗಿ ವಿಶ್ರಮಿಸುವ ಶವಾಸನವನ್ನು ಗಡಿಯಾರ ನೋಡಿ ಮೊಟಕು ಮಾಡಲಿಲ್ಲ. ಮಾರನೇ ದಿನವೇ ಸೇರಿದೆ, ಮನೆಯಿಂದ ಸ್ವಲ್ಪ ದೂರವಾದರೂ.

ಸಣ್ಣಪುಟ್ಟ ಎಡವಟ್ಟು ಅಲ್ಲೂ ಆದವು. ಒಂದು ದಿನ ಹೊಟ್ಟೆ ತುಂಬ ತಿಂಡಿ ತಿಂದು ಹೋಗಿ, ಮಲಗಿ ಕಾಲನ್ನು ತಲೆಯ ಹಿಂದಕ್ಕೆ ಹಾಕುವ ಹಲಾಸನ ಮಾಡಿದೆ. ಮುಂದಿನದು ಹೇಳೋದು ಬೇಡ. ಭಾರಿ ಊಟ ಆದ ಮೇಲೆ ಮೂರ್ನಾಲ್ಕು ಗಂಟೆ ಬಿಡಬೇಕು. ಮೆತ್ತಗಿರಲಿ ಅಂತ ದಪ್ಪ ಮ್ಯಾಟ್ ತಗೊಂಡಿದ್ದೆ, ಒಂಟಿ ಕಾಲಿನ ವೃಕ್ಷಾಸನಕ್ಕೆ ನಿಂತರೆ ತೂರಾಡುತ್ತಿದ್ದೆ. ಈಗಿರುವುದು 5 ಮಿಲಿಮೀಟರ್‌ನದು.

ಎಂಟು ತಿಂಗಳಾಯಿತು. ಕಾಲ್ಬೆರಳು ಇನ್ನೂ ಸಿಕ್ಕಿಲ್ಲ, ಪಾದಕ್ಕೆ ಬೆಲ್ಟ್ ಹಾಕಿ ಹಿಡಿಯುತ್ತೇನೆ. ವಜ್ರಾಸನಕ್ಕೆ ಮೊದಲು ಎರಡು ಕಂಬಳಿ ಬೇಕಿತ್ತು, ಈಗ ಒಂದು ಸಾಕು.