ಬೋರಿಗೆ ಇಂಗುಗುಂಡಿ ಮಾಡಿಸ್ತೀರಾ? ಮೊದಲು ಹೂಳು ತಡೆಯಿರಿ

ನಮ್ಮ ತೋಟ ಹಿರಿಯೂರು ಕಡೆ. ವರ್ಷಕ್ಕೆ 600 ಮಿ.ಮೀ. ಮಳೆ ಆದರೆ ಅದೇ ಜಾಸ್ತಿ, ಅದೂ ನಾಲ್ಕಾರು ಜೋರು ಮಳೆಯಲ್ಲಿ ಸುರಿದು, ಹೊಲದ ಮಣ್ಣನ್ನೂ ಎಳ್ಕೊಂಡು ಕೆಂಪಗೆ ಹಳ್ಳ ಸೇರಿಬಿಡುತ್ತೆ. ಒಂದು ಎಕರೆ ಮೇಲೆ 10 ಮಿ.ಮೀ. ಬಿದ್ದರೆ ಸುಮಾರು 40,000 ಲೀಟರ್. ಅದರಲ್ಲಿ ಕಾಲು ಭಾಗ ಹರಿದು ಬಂದರೂ ಎರಡು ಟ್ಯಾಂಕರ್ ಆಯ್ತಲ್ಲ! ಇಂಗುಗುಂಡಿ, ಅಂದ್ರೆ ಮಳೆನೀರನ್ನು ಸೋಸಿ ಬೋರಿಗೆ ಇಳಿಸೋ ಗುಂಡಿ ಮಾಡಿಸಿ, ಆ ನೀರನ್ನು ಸೊರಗಿದ್ದ ಬೋರಿಗೆ ತಿರುಗಿಸಿದೆ.

ಜೆಸಿಬಿ ಕರೆಸೋಕೆ ಮುಂಚೆ ಬೋರು ನೀರು ಕುಡಿಯುತ್ತಾ ನೋಡಬೇಕು. ಒಂದು ಟ್ಯಾಂಕರ್ ತರಿಸಿ ಕೇಸಿಂಗ್ (ಬೋರಿನ ಮೇಲ್ಭಾಗಕ್ಕೆ ಇಳಿಸಿರೋ ದಪ್ಪ ಪೈಪು) ಒಳಗೆ ಬಿಟ್ಟೆ, ಸರಸರ ಇಳೀತು. ನೀರು ಬಾಯಿಮಟ್ಟ ಬಂದು ನಿಂತರೆ ಕೆಳಗೆ ಬಂಡೆಯಲ್ಲಿ ಬಿರುಕು ಕಡಿಮೆ ಅಂತ. ಅಂಥ ಬೋರಿಗೆ ದುಡ್ಡು ಸುರೀಬೇಡಿ.

ಕೇಸಿಂಗ್ ಸುತ್ತ 10 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಸಿದೆ. ಮೋಟಾರು, ಪೈಪು ಎಲ್ಲ ಮೊದಲೇ ಎತ್ತಿಸಿದ್ದೆ, ಯಾಕಂದ್ರೆ ಡ್ರಿಲ್ ಬಿಟ್ ಕೇಬಲ್ಲಿಗೆ ತಾಗಿದರೆ ಕಥೆ ಮುಗೀತು. ಗುಂಡಿಯ ತಳದ ಕಡೆ ಮಾತ್ರ ಕೇಸಿಂಗಿಗೆ ಸುತ್ತಲೂ ಸಣ್ಣ ಸಣ್ಣ ತೂತು ಹೊಡೆದು, ಅದರ ಮೇಲೆ ನೈಲಾನ್ ಮೆಶ್ ಎರಡು ಸುತ್ತು ಬಿಗಿಯಾಗಿ ಕಟ್ಟಿದ್ದಾಯ್ತು. ಆಮೇಲೆ ತಳಕ್ಕೆ ದಪ್ಪ ಕಲ್ಲು, ಮೇಲೆ ದೊಡ್ಡ ಜಲ್ಲಿ, ಸಣ್ಣ ಜಲ್ಲಿ, ಮತ್ತೆ ಒಂದು ಮೆಶ್ ಹಾಸಿ ಮರಳು. ಕಲ್ಲನ್ನು ಮೇಲಿಂದ ಸುರಿಯೋಕೆ ಬಿಡಬೇಡಿ, ಪಿವಿಸಿ ಕೇಸಿಂಗ್ ಒಡೆದು ಹೋಗುತ್ತೆ. ಕೈಯಲ್ಲೇ ಇಳಿಸಿ ಜೋಡಿಸಬೇಕು.

ಇಷ್ಟು ಎಲ್ಲರೂ ಮಾಡ್ತಾರೆ. ಆದರೆ ಹೊಲದ ನೀರನ್ನು ನೇರ ಗುಂಡಿಗೆ ನುಗ್ಗಿಸಿದರೆ ಒಂದೆರಡು ಮಳೆಗೇ ಮರಳಿನ ಮೇಲೆ ಜೇಡಿ ಹಪ್ಪಳದ ಹಾಗೆ ಕೂತುಬಿಡುತ್ತೆ, ನೀರು ಮೇಲೇ ನಿಂತು ಸೊಳ್ಳೆ ಸಾಕುತ್ತೆ. ಅದಕ್ಕೇ ನಾನು ಮೇಲ್ಗಡೆ ಸಾಲಾಗಿ ಎರಡು ಹೂಳುಗುಂಡಿ ಮಾಡಿಸಿದೆ. ಮೊದಲನೆಯದು ತುಂಬಿ ಎರಡನೆಯದಕ್ಕೆ, ಅದೂ ತುಂಬಿದ ಮೇಲಷ್ಟೇ ತಿಳಿನೀರು ಇಂಗುಗುಂಡಿಗೆ. ಬದುವಿನ ಮೇಲೆ ಹುಲ್ಲು ಬಿಟ್ಟರೆ ಇನ್ನೂ ಒಳ್ಳೇದು. ಕೊಟ್ಟಿಗೆ ಕಡೆಯ ನೀರು, ಔಷಧಿ ಹೊಡೆದ ಹೊಲದ ನೀರು ಮಾತ್ರ ಖಂಡಿತ ಬೇಡ, ಅದು ಸೀದಾ ಅಂತರ್ಜಲಕ್ಕೇ ಇಳಿಯೋದು.

2022ರ ಮಳೆ ನೆನಪಿದೆಯಲ್ವಾ, 1933ರ ನಂತರ ಮೊದಲ ಸಲ ನಮ್ಮ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿದ್ದ ವರ್ಷ? ಆಗ ಗುಂಡಿ ತುಂಬೋದು, ಇಳಿಯೋದು, ಮತ್ತೆ ತುಂಬೋದು ನಡೀತಾನೇ ಇತ್ತು. ಆದರೆ ಅಂಥ ವರ್ಷ ಎಲ್ಲರ ಬೋರೂ ಚೆನ್ನಾಗಿರುತ್ತೆ, ಅದನ್ನು ನನ್ನ ಗುಂಡಿಯ ಲೆಕ್ಕಕ್ಕೆ ಬರೆಯಲ್ಲ. ಮಳೆ ಕಡಿಮೆ ಆದ 2023ರಾಚೆಯ ಬೇಸಿಗೆಯಲ್ಲೂ ಮೋಟಾರು ಗಾಳಿ ಎಳೀಲಿಲ್ಲ. ಅದು ಲೆಕ್ಕಕ್ಕೆ ಬರುತ್ತೆ.

ಬೇಸಿಗೆಯಲ್ಲಿ ಹೂಳುಗುಂಡಿ ಬಳಿದು ಆ ಮಣ್ಣನ್ನು ತೆಂಗಿನ ಬುಡಕ್ಕೆ ಹಾಕ್ತೀನಿ, ಇಂಗುಗುಂಡಿ ಮೇಲಿನ ಮರಳನ್ನೂ ಒಂದು ಪದರ ಕೆರೆದು ತೊಳೀತೀನಿ. "ನೀರು ಪಕ್ಕದವರ ಬೋರಿಗೆ ಹೋದ್ರೆ?" ಅಂತ ಕೆಲವರು ಕೇಳ್ತಾರೆ. ಹೋಗುತ್ತೆ, ಸ್ವಲ್ಪ ಹೋಗೇ ಹೋಗುತ್ತೆ. ಪಕ್ಕದ ತೋಟದವರಿಗೂ ಅದು ಗೊತ್ತು, ಈಗ ಅವರ ಹೊಲದ ನೀರೂ ನನ್ನ ಹೂಳುಗುಂಡಿಗೇ ಬರುತ್ತೆ, ಬಳಿಯೋ ಕೂಲಿಯಲ್ಲಿ ಅರ್ಧ ಅವರದು.