ಹುತ್ತರಿ ರಾತ್ರಿಗೆ ಒಂದು ನೀರಿನ ಡ್ರಮ್ಮು

ಈ ಸಲದ ಹುತ್ತರಿಗೆ, ಅಂದರೆ ಕೊಡಗಿನ ಸುಗ್ಗಿ ಹಬ್ಬಕ್ಕೆ, ನಮ್ಮ ಗದ್ದೆಯಲ್ಲಿ ಪಟಾಕಿಯಿಂದ ಇಬ್ಬರ ಕೈ ಸುಟ್ಟಿತು. ಇಬ್ಬರಿಗೂ ಕಲೆ ಉಳಿದಿಲ್ಲ. "ನೀರು ಹಾಕಿದರೆ ಬೊಬ್ಬೆ ಬರುತ್ತೆ" ಎಂದು ಎರಡು ವರ್ಷ ತಡೆದ ಚಿಕ್ಕಪ್ಪನೇ ಈ ಸಲ ಓಡಿ ಬಂದು ಡ್ರಮ್ಮಿನ ನಲ್ಲಿ ತಿರುಗಿಸಿದರು. ಅದಕ್ಕೇ ಬರೆಯುತ್ತಿದ್ದೇನೆ.

ಸುಟ್ಟ ಜಾಗಕ್ಕೆ 20 ನಿಮಿಷ ಹರಿಯುವ ನೀರು ಬೇಕು. ನಿಮಗೂ ಗೊತ್ತು. ಆದರೆ ಐನ್‌ಮನೆಯಿಂದ (ಕುಟುಂಬದ ಮೂಲ ಮನೆಯಿಂದ) ಅಷ್ಟು ದೂರದ ಗದ್ದೆಗೆ ಕತ್ತಲಲ್ಲಿ ಆ ನೀರು ಎಲ್ಲಿಂದ ತರುವುದು? ಕದಿರು ಕೊಯ್ದು, ಗುಂಡು ಹಾರಿಸಿ, "ಪೊಲಿ ಪೊಲಿ ದೇವಾ" (ಸಮೃದ್ಧಿ ಬರಲಿ ದೇವಾ) ಅನ್ನುವಷ್ಟರಲ್ಲಿ ಹುಡುಗರು ಪಟಾಕಿಗೆ ಬೆಂಕಿ ಇಟ್ಟಿರುತ್ತಾರೆ.

ಮೊದಲ ವರ್ಷ ಎರಡು ಕೊಡ ನೀರು ಇಟ್ಟಿದ್ದೆ. ಏಳೆಂಟು ನಿಮಿಷಕ್ಕೆ ಖಾಲಿ. ಯಾರೋ ಐಸ್ ತಂದು ಒತ್ತಿದರು. ಹುಡುಗನ ಬೆರಳಿನ ಚರ್ಮ ಇನ್ನೂ ಕೆಟ್ಟಿತು.

ಮರುವರ್ಷ ತೋಟದ ಡ್ರಮ್ಮು ತಂದೆ. ಬೋರ್ಡೋ ದ್ರಾವಣ (ಗಿಡದ ರೋಗಕ್ಕೆ ಹೊಡೆಯುವ ಮೈಲುತುತ್ತ, ಸುಣ್ಣದ ಔಷಧಿ) ಕಲಸುತ್ತಿದ್ದ ಡ್ರಮ್ಮು ಅದು. ಎಷ್ಟು ಉಜ್ಜಿದರೂ ನೀಲಿ ಹೋಗಲಿಲ್ಲ. ಗಾಯಕ್ಕೆ ಆ ನೀರು ಬೇಡ ಅಂತ ಬಿಟ್ಟೆ. ಅದೇ ರಾತ್ರಿ ಒಬ್ಬ ಹುಡುಗಿಯ ಅಂಗೈಗೆ ಕಾಫಿ ಪುಡಿ ಮೆತ್ತಿದರು. ಆಸ್ಪತ್ರೆಯಲ್ಲಿ ಅದನ್ನು ತೆಗೆಯುವಾಗ ಅವಳು ಅತ್ತದ್ದು ನನಗೆ ಇನ್ನೂ ಕೇಳಿಸುತ್ತದೆ.

ಈ ವರ್ಷ ಹೊಸದೇ ತಂದೆ. 100 ಲೀಟರ್ ಡ್ರಮ್ಮು, ನಲ್ಲಿ, ಒಂದು ಮಾರು ಪೈಪು, ಎಲ್ಲ ಸೇರಿ 2,000 ರೂಪಾಯಿ ಆಸುಪಾಸು. ಕುಟುಂಬದ ದುಡ್ಡಿನಲ್ಲಿ ಕೊಡಲು ಯಾರೂ ಒಪ್ಪಲಿಲ್ಲ, ಕೈಯಿಂದಲೇ ಹಾಕಿದೆ. ನಲ್ಲಿ ಸಣ್ಣಗೆ ಬಿಟ್ಟರೆ ನಿಮಿಷಕ್ಕೆ ಎರಡು ಲೀಟರ್ ಹೋಗುತ್ತದೆ. ಒಬ್ಬರಿಗೆ 40. ಇಬ್ಬರಿಗೂ ಆಗಿ ಸ್ವಲ್ಪ ಉಳಿಯಿತು.

ನೀರು ಬಿಡುವ ಮೊದಲೇ ಉಂಗುರ, ಬಳೆ ತೆಗೆಸಿ. ಕೈ ಊದಿದ ಮೇಲೆ ಬರಲ್ಲ. ಹುತ್ತರಿ ಚಳಿ ಗೊತ್ತಲ್ವಾ, ಮಗು ನಡುಗುತ್ತದೆ. ಮೈಗೆ ಕಂಬಳಿ ಹೊದೆಸಿ, ಕೈ ಮಾತ್ರ ನೀರಿಗೆ ಹಿಡಿಯಿರಿ. ಬೊಬ್ಬೆ ಒಡೆಯಬೇಡಿ. ಮುಖಕ್ಕೋ ಕಣ್ಣಿಗೋ ತಾಗಿದ್ದರೆ ನೀರು ಹಾಕಿ ಸೀದಾ ಆಸ್ಪತ್ರೆಗೆ. ಚಿಕ್ಕ ಮಕ್ಕಳನ್ನು 20 ನಿಮಿಷ ಅಲುಗದೆ ಕೂರಿಸುವುದಕ್ಕೆ ನನ್ನದೊಂದು ಉಪಾಯ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಬಾಳೆಎಲೆಯನ್ನೂ ನೋಡಿದೆ. ಒಲೆ ತಾಗಿ ನನ್ನ ಮೊಣಕೈ ಸುಟ್ಟಾಗ ಎಲೆ ಕುದಿಸಿ, ಆರಿಸಿ ಕಟ್ಟಿಕೊಂಡೆ. ಬಟ್ಟೆಯ ಹಾಗೆ ಗಾಯಕ್ಕೆ ಅಂಟಲಿಲ್ಲ. ಬೇರೆಯವರ ಮೇಲೆ ಇನ್ನೂ ಮಾಡಿಲ್ಲ.

ಕುಡುಗೋಲು ತಾಗಿದರೆ ಬೇರೆ ಲೆಕ್ಕ. ಶುದ್ಧ ಬಟ್ಟೆ ಇಟ್ಟು 10 ನಿಮಿಷ ಬಿಗಿಯಾಗಿ ಒತ್ತಿ. ನಡುವೆ ಎತ್ತಿ ನೋಡಬೇಡಿ. ಕಳೆದ ಸಲ ಮೂರು ಸಲ ಎತ್ತಿ ನೋಡಿದ್ದಕ್ಕೇ ರಕ್ತ ನಿಲ್ಲಲಿಲ್ಲ.

ಪಕ್ಕದ ಕುಟುಂಬದವರು ಮೊನ್ನೆ ಬಂದು ಡ್ರಮ್ಮಿನ ಅಳತೆ ಬರೆದುಕೊಂಡು ಹೋದರು.