ಓವನ್ನಿನ ಸೆನ್ಸರ್ ಕೆಟ್ಟಿದೆಯೆಂದು ಅನುಮಾನ ಬಂದಾಗ ನಾನು ಅಳೆದು ನೋಡಿದ್ದು

ನಮ್ಮ ಅಡುಗೆಮನೆಯ ಎಲೆಕ್ಟ್ರಿಕ್ ಓವನ್ 180 ಡಿಗ್ರಿ ಎಂದು ತೋರಿಸುತ್ತಿದ್ದರೂ ಒಳಗಿಟ್ಟದ್ದು ಮೇಲೆ ಬಣ್ಣ ತಿರುಗದೆ, ನಡುವೆ ಹಸಿಯಾಗಿಯೇ ಉಳಿಯತೊಡಗಿ ಕೆಲವು ತಿಂಗಳಾಗಿತ್ತು. ಎರಡು ಹೀಟರ್‌ಗಳೂ ಕೆಂಪಗೆ ಕಾಯುತ್ತಿದ್ದವು, ಬಾಗಿಲಿನ ಗ್ಯಾಸ್ಕೆಟ್ ಎಲ್ಲಿಯೂ ಹರಿದಿರಲಿಲ್ಲ. ಹಾಗಾಗಿ ಅನುಮಾನ ತಾಪಮಾನದ ಸೆನ್ಸರ್ ಮೇಲೆ ಹೋಯಿತು. ಅದನ್ನು ಬದಲಿಸುವುದು ಸುಲಭವಾದ್ದರಿಂದ ಹೆಚ್ಚಿನವರು ಅಳೆಯದೆಯೇ ಹೊಸದನ್ನು ಹಾಕಿಬಿಡುತ್ತಾರೆ. ಅದು ಸರಿಯಾದ ಕ್ರಮವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ತಪ್ಪು ಎಷ್ಟಿದೆಯೆಂದು ತಿಳಿಯಬೇಕಿತ್ತು. ಓವನ್ನಿನ ನಡುವಿನ ತಂತಿ ತಟ್ಟೆಗೆ ಒಂದು ಥರ್ಮಾಮೀಟರ್ ತೂಗುಹಾಕಿ, ಮೊದಲ ಅರ್ಧ ಗಂಟೆಯನ್ನು ಲೆಕ್ಕಕ್ಕೆ ಹಿಡಿಯದೆ, ಆಮೇಲಿನ ಒಂದು ಗಂಟೆ ಏರಿಳಿತಗಳನ್ನು ಬರೆದುಕೊಂಡೆ. ಹೀಟರ್ ಹತ್ತಿ ಆರುವಾಗ ಹತ್ತಾರು ಡಿಗ್ರಿ ಏರಿಳಿಯುವುದು ಸಹಜ, ಆದ್ದರಿಂದ ಒಮ್ಮೆ ಕಂಡ ಅಂಕಿಯನ್ನು ನಂಬುವಂತಿಲ್ಲ. ನನ್ನಲ್ಲಿ ಅದು 138 ಮತ್ತು 158ರ ನಡುವೆ ಓಡಾಡುತ್ತಿತ್ತು. ಸರಾಸರಿ 148, ಅಂದರೆ 32 ಡಿಗ್ರಿ ಕಡಿಮೆ.

ಇಂಥ ಓವನ್‌ಗಳಲ್ಲಿ ಸಾಮಾನ್ಯವಾಗಿರುವ ಸೆನ್ಸರ್ ಪ್ಲಾಟಿನಂನದು. ಸೊನ್ನೆ ಡಿಗ್ರಿಯಲ್ಲಿ ಅದರ ರೋಧ (ವಿದ್ಯುತ್ ಹರಿವಿಗೆ ಅದು ಒಡ್ಡುವ ತಡೆ) 1000 ಓಮ್, ಶಾಖ ಏರಿದಂತೆ ರೋಧವೂ ಏರುತ್ತದೆ. 100 ಡಿಗ್ರಿಯಲ್ಲಿ 1385, 180ರಲ್ಲಿ ಸುಮಾರು 1685. ಸರ್ಕ್ಯೂಟ್‌ನಲ್ಲಿ ಎಲ್ಲಿಯಾದರೂ ರೋಧ ಹೆಚ್ಚಾಗಿ ಸೇರಿಕೊಂಡರೆ ಹೀಟರುಗಳನ್ನು ನಿಯಂತ್ರಿಸುವ ಬೋರ್ಡು ಓವನ್ ಕಾದಿದೆಯೆಂದು ತಪ್ಪಾಗಿ ತಿಳಿದು ಹೀಟರನ್ನು ಬೇಗನೆ ಆರಿಸುತ್ತದೆ. ಎಲ್ಲಿಯಾದರೂ ವಿದ್ಯುತ್ ಸೋರಿ ರೋಧ ಕಡಿಮೆಯಾದರೆ ಓವನ್ ಮಿತಿಮೀರಿ ಕಾಯುತ್ತದೆ. ತಂತಿ ಪೂರ್ತಿ ತುಂಡಾಗಿದ್ದರೆ ಬೋರ್ಡು ಸಾಮಾನ್ಯವಾಗಿ ದೋಷದ ಸಂಕೇತ ತೋರಿಸಿ ನಿಂತುಬಿಡುತ್ತದೆ. ನನ್ನ ಓವನ್ ಸಂಕೇತವನ್ನೇನೂ ತೋರದೆ ಕಡಿಮೆ ಕಾಯುತ್ತಿದ್ದುದರಿಂದ ಎಲ್ಲಿಯೋ ಹೆಚ್ಚುವರಿ ರೋಧವಿದೆ ಎಂಬುದು ರೋಧ ಅಳೆಯುವ ಮಲ್ಟಿಮೀಟರ್ ಹಿಡಿಯುವ ಮೊದಲೇ ಹೊಳೆದಿತ್ತು.

ಮೇನ್ಸ್ ಆರಿಸಿ, ಓವನ್ ಪೂರ್ತಿ ತಣ್ಣಗಾಗುವವರೆಗೆ ಕಾದು, ಅದನ್ನು ಗೋಡೆಯಿಂದ ಮುಂದಕ್ಕೆ ಎಳೆದು ಹಿಂಬದಿಯ ತಗಡನ್ನು ಬಿಚ್ಚಿದೆ. ಬೋರ್ಡಿನಿಂದ ಸೆನ್ಸರ್ ವೈರುಗಳ ಪ್ಲಗ್ ಕಳಚಿ (ಕಳಚದೆ ಅಳೆದರೆ ಬೋರ್ಡಿನ ಸರ್ಕ್ಯೂಟೂ ಸೇರಿಕೊಂಡು ಅಂಕಿ ತಪ್ಪುತ್ತದೆ) ಆ ತುದಿಯಲ್ಲಿ ಅಳೆದಾಗ ಮೀಟರ್ 1260 ತೋರಿಸಿತು, ಆದರೆ ಸ್ಥಿರವಾಗಿ ನಿಲ್ಲಲಿಲ್ಲ. ಅಡುಗೆಮನೆಯ ಉಷ್ಣಾಂಶ 22 ಡಿಗ್ರಿ ಇದ್ದುದರಿಂದ ಅಲ್ಲಿ 1086ರ ಆಸುಪಾಸು ಇರಬೇಕಿತ್ತು. ಇಲ್ಲಿಗೇ ನಿಲ್ಲಿಸಿದ್ದರೆ ಸೆನ್ಸರ್ ಕೆಟ್ಟಿದೆಯೆಂದು ತೀರ್ಮಾನಿಸಿರುತ್ತಿದ್ದೆ. ಓವನ್ ಒಳಗಿನ ಹಿಂಗೋಡೆಯಲ್ಲಿದ್ದ ಎರಡು ಸ್ಕ್ರೂ ತೆಗೆದು, ನಡುವಿನ ಕನೆಕ್ಟರ್ ಬಿಡಿಸಿ, ಸೆನ್ಸರನ್ನು ಹೊರತೆಗೆದು ಪ್ರತ್ಯೇಕವಾಗಿ ಅಳೆದಾಗ ಸಿಕ್ಕಿದ್ದು 1086. ಎರಡೂ ವೈರುಗಳಿಂದ ಅದರ ಲೋಹದ ಕೊಳವೆಗೆ ಯಾವ ಸಂಪರ್ಕವೂ ಇರಲಿಲ್ಲ, ಅಂದರೆ ಸೋರಿಕೆಯೂ ಇಲ್ಲ.

ತಣ್ಣಗಿದ್ದಾಗ ಸರಿಯಾಗಿದ್ದು ಬಿಸಿಯಲ್ಲಿ ತಪ್ಪುವ ಸೆನ್ಸರ್‌ಗಳೂ ಉಂಟು. ಆದ್ದರಿಂದ ವೈರುಗಳ ಕಡೆಗೆ ನೀರು ತಾಗದಂತೆ ಕೊಳವೆಯ ತುದಿಯನ್ನಷ್ಟೇ ಮೊದಲು ಮಂಜುಗಡ್ಡೆ ತುಂಬಿದ ನೀರಿನಲ್ಲಿ, ಆಮೇಲೆ ಕುದಿಯುವ ನೀರಿನಲ್ಲಿ ಹಿಡಿದು ನೋಡಿದೆ. ಅಂಕಿ 1001ಕ್ಕೆ ಇಳಿದು, 1381ಕ್ಕೆ ಏರಿ, ನಡುವೆ ಎಲ್ಲಿಯೂ ನೆಗೆಯದೆ ಸಮನಾಗಿ ಚಲಿಸಿತು. ಸೆನ್ಸರ್ ನಿರ್ದೋಷಿ.

ಉಳಿದದ್ದು ಕನೆಕ್ಟರ್. ಅದು ಓವನ್ ಗೋಡೆಗೆ ತೀರ ಹತ್ತಿರವಿದ್ದು, ಬಿಳಿಯ ಪ್ಲಾಸ್ಟಿಕ್ ಒಂದು ಬದಿಯಲ್ಲಿ ಕಂದು ತಿರುಗಿತ್ತು. ಒಳಗಿನ ಒಂದು ಪಿನ್ನು ಹೊಳಪು ಕಳೆದುಕೊಂಡು, ಉಗುರಿನಿಂದ ಕೆರೆದರೆ ಕಪ್ಪು ಪುಡಿ ಉದುರುವಷ್ಟು ಕಿಲುಬು ಹಿಡಿದಿತ್ತು. ಮತ್ತೆ ಜೋಡಿಸಿ, ಬೋರ್ಡಿನ ತುದಿಯಲ್ಲಿ ಅಳೆಯುತ್ತ ಕನೆಕ್ಟರನ್ನು ಬೆರಳಿನಿಂದ ಅಲುಗಿಸಿದಾಗ ಅಂಕಿ 1190ರಿಂದ 1300ರವರೆಗೆ ಕುಣಿಯಿತು. ಅದನ್ನು ಕತ್ತರಿಸಿ ತೆಗೆದು, ವೈರುಗಳನ್ನು ಶಾಖ ತಡೆಯುವ ಪಿಂಗಾಣಿ ಕನೆಕ್ಟರ್‌ಗಳಿಂದ ಜೋಡಿಸಿದೆ. ಇಲ್ಲಿ ಬೆಸುಗೆ ಹಾಕಬಾರದು, ಏಕೆಂದರೆ ತವರ ಮತ್ತು ಸೀಸದ ಸಾಮಾನ್ಯ ಬೆಸುಗೆ 183 ಡಿಗ್ರಿಯಲ್ಲಿಯೇ ಕರಗತೊಡಗುತ್ತದೆ. ಬೋರ್ಡಿನ ತುದಿಯಲ್ಲಿ ಈಗ 1087 ಬಂದು ನಿಂತಿತು.

ಒಂದು ಲೆಕ್ಕ ಮಾತ್ರ ಹೊಂದುತ್ತಿರಲಿಲ್ಲ. ಓವನ್ ಕಾದಿರುವಾಗ ಡಿಗ್ರಿಗೆ ಸುಮಾರು 3.7 ಓಮ್‌ನಂತೆ, ಹೆಚ್ಚುವರಿಯಾಗಿದ್ದ 174 ಓಮ್‌ಗೆ 47 ಡಿಗ್ರಿ ಕಡಿಮೆಯಾಗಬೇಕಿತ್ತು, ನಾನು ಕಂಡದ್ದು 32. ಕಿಲುಬಿನ ರೋಧ ಬದಲಾಗುತ್ತಲೇ ಇರುವುದರಿಂದ ಹೀಗಾಗಿರಬಹುದು ಎಂದುಕೊಂಡು ತಗಡು ಮುಚ್ಚಿ ಓವನ್ ಹಚ್ಚಿದೆ. ಸರಾಸರಿ 195 ಬಂತು. ತೊಂದರೆ ಇನ್ನೂ ಚಿಕ್ಕದಿದ್ದಾಗ, ಸೆಟ್ಟಿಂಗ್‌ನಲ್ಲಿರುವ ತಾಪಮಾನದ ಹೊಂದಾಣಿಕೆಯನ್ನು ನಾನೇ 15 ಡಿಗ್ರಿ ಏರಿಸಿಟ್ಟಿದ್ದೆನೆಂಬುದು ಆಗ ನೆನಪಾಯಿತು. ಅದನ್ನು ಸೊನ್ನೆಗೆ ತಂದು ಮತ್ತೆ ಒಂದು ಗಂಟೆ ಬರೆದುಕೊಂಡಾಗ ಅಂಕಿಗಳು 171 ಮತ್ತು 190ರ ನಡುವೆ ಇದ್ದವು.